ಕುಡಿತ ಬಿಟ್ಟವರ ಸಭೆ: ಹುಡುಕುವುದು ಹೇಗೆ? ಹೋದರೆ ಅಲ್ಲಿ ಏನು ನಡೆಯುತ್ತದೆ?



ಸಂಘದ ಸಭೆ ಮುಗಿದು, ಪುಸ್ತಕ ಮುಚ್ಚಿ, ಎಲ್ಲರೂ ಚಾಪೆ ಕೊಡವಿ ಏಳುವಾಗ ಒಬ್ಬರು ಮಾತ್ರ ಹಿಂದೆ ಉಳಿಯುತ್ತಾರೆ. ಚಪ್ಪಲಿ ಹುಡುಕುವ ನೆಪ ಮಾಡುತ್ತಾರೆ. ಉಳಿದವರು ಬೀದಿ ತಿರುಗಿದ ಮೇಲೆ, "ಸಿಸ್ಟರ್, ಒಂದು ಮಾತು" ಅಂತಾರೆ. ಆ ಒಂದು ಮಾತು ಏನೆಂದು ಈಗ ನನಗೆ ಕೇಳುವ ಮೊದಲೇ ಗೊತ್ತಾಗುತ್ತದೆ. "ಕುಡಿಯೋದು ಬಿಡಿಸೋಕೆ ಏನಾದ್ರೂ ಮಾತ್ರೆ ಇದ್ಯಾ ಸಿಸ್ಟರ್? ಸಾರಲ್ಲಿ ಹಾಕಿ ಕೊಟ್ಬಿಡ್ತೀನಿ, ಅವ್ರಿಗೆ ಗೊತ್ತಾಗ್ದಂಗೆ."

ಮೊದಲು ಇದಕ್ಕೆ ಉತ್ತರ ಹೇಳಿಬಿಡುತ್ತೇನೆ. ಬೇಡ. ದಯವಿಟ್ಟು ಹಾಗೆ ಮಾಡಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ಇರುವುದು ನಿಜ. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಗುಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಕುಡಿಯುವವನಿಗೆ ಗೊತ್ತಿದ್ದು, ಅವನೇ ಒಪ್ಪಿ, ವೈದ್ಯರು ನೋಡಿಕೊಳ್ಳುತ್ತಿದ್ದರೆ ಮಾತ್ರ ಅದು ಔಷಧಿ. ಗೊತ್ತಿಲ್ಲದೆ ಕೊಟ್ಟರೆ ವಿಷಕ್ಕೆ ಸಮ. ಇನ್ನು ಸಂತೆಯಲ್ಲಿ, ಬಸ್ಸಿನಲ್ಲಿ, ಫೋನಿನ ಜಾಹೀರಾತಿನಲ್ಲಿ ಮಾರುವ ಪುಡಿಗಳಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಸಾಲ ತೆಗೆದು ಆ ಪುಡಿ ಕೊಂಡ ನಮ್ಮ ಸದಸ್ಯೆಯರು ಇದ್ದಾರೆ.

ಈ ಪ್ರಶ್ನೆ ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಊರಿನ ಹತ್ತಿರ ಕುಡಿತ ಬಿಟ್ಟವರ ಸಭೆ ಎಲ್ಲಾದರೂ ನಡೆಯುತ್ತದೆಯೇ? ಹತ್ತರಲ್ಲಿ ಒಂಬತ್ತು ಜನ ಅಂಥದ್ದೊಂದು ಇದೆಯೆಂದೇ ಕೇಳಿರುವುದಿಲ್ಲ. ಆದ್ದರಿಂದ ಈ ಸಲದ ಲೇಖನ ಅದರ ಬಗ್ಗೆ.

ಅದೇನು ಸಭೆ?

ಇದರ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ. ಎಂದರೆ ಹೆಸರು ಹೊರಗೆ ಬಿಡದ ಮದ್ಯವ್ಯಸನಿಗಳ ಕೂಟ. ಶುರುವಾದದ್ದು ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, 1935ರಲ್ಲಿ. ಷೇರು ವ್ಯವಹಾರ ಮಾಡುತ್ತಿದ್ದ ಬಿಲ್ ವಿಲ್ಸನ್ ಆಗ ತಾನೇ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಪರವೂರಿಗೆ ಬಂದ ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾಗ ಪಕ್ಕದ ಬಾರು ಕರೆಯತೊಡಗಿತು. ಆಗ ಅವನು ಬಾರಿನ ಕಡೆ ಹೋಗದೆ ಫೋನಿನ ಕಡೆ ಹೋದ. ಪಾದ್ರಿಗಳಿಗೆ ಫೋನು ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ವಿಚಾರಿಸಿದ. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್, ಕುಡಿತದಿಂದ ವೃತ್ತಿಯೇ ಹಾಳಾಗುತ್ತಿದ್ದ ಶಸ್ತ್ರವೈದ್ಯ. ಸ್ವಲ್ಪ ಹೊತ್ತು ಮಾತ್ರ ಎಂದು ಕೂತವರು ಗಂಟೆಗಟ್ಟಲೆ ಮಾತಾಡಿದರು. ಡಾ. ಬಾಬ್ ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು. ಎ.ಎ. ಅದನ್ನೇ ತನ್ನ ಹುಟ್ಟಿದ ದಿನವೆಂದು ಲೆಕ್ಕ ಹಾಕುತ್ತದೆ.

ಗಮನಿಸಿ, ಆ ಕೋಣೆಯಲ್ಲಿ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಹೆಂಡತಿ, ತಾಯಿ, ಪಾದ್ರಿ, ಡಾಕ್ಟರು ಎಲ್ಲರೂ ಹೇಳಿ ಸುಸ್ತಾಗಿದ್ದರು. ಕೆಲಸ ಮಾಡಿದ್ದು ಒಬ್ಬ ಕುಡುಕ ಇನ್ನೊಬ್ಬ ಕುಡುಕನಿಗೆ ತನ್ನ ಕಥೆ ಹೇಳಿಕೊಂಡದ್ದು. ಇಂದಿಗೂ ಎ.ಎ. ಸಭೆಯಲ್ಲಿ ನಡೆಯುವುದು ಇಷ್ಟೇ. ಆ ಊರಿನ ಆಸ್ಪತ್ರೆಯೊಂದರಲ್ಲಿ ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಶಿಯಾ ಅವರು 1939ರಿಂದ ಡಾ. ಬಾಬ್ ಜೊತೆ ಸೇರಿ ಕುಡುಕರಿಗೆ ಹಾಸಿಗೆ ಕೊಡತೊಡಗಿದರು. ಆಗ ಕುಡುಕರನ್ನು ಹೆಚ್ಚಿನ ಆಸ್ಪತ್ರೆಗಳು ಸೇರಿಸಿಕೊಳ್ಳುತ್ತಿರಲಿಲ್ಲ. ನಾನೂ ಕನ್ಯಾಸ್ತ್ರೀಯಾದ್ದರಿಂದ ಇದನ್ನು ಹೇಳುವಾಗ ಸ್ವಲ್ಪ ಹೆಮ್ಮೆ, ಕ್ಷಮಿಸಿ.

ಭಾರತದಲ್ಲಿ 1957ರಲ್ಲಿ ಮುಂಬೈಯಲ್ಲಿ ಎ.ಎ. ಬೇರೂರಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು ಮುಂತಾದ ಕಡೆ ಗುಂಪುಗಳಿವೆ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಹೀಗೆ ಬೇರೆ ಬೇರೆ ಭಾಷೆಯ ಸಭೆಗಳು ನಡೆಯುತ್ತವೆ. ಬಹಳ ಸಭೆಗಳು ಚರ್ಚಿನ ಹಾಲ್‌ನಲ್ಲೋ ಶಾಲೆಯ ಕೋಣೆಯಲ್ಲೋ ಸೇರುತ್ತವೆ. ಹಾಗೆಂದು ಅದು ಚರ್ಚಿನ ಕಾರ್ಯಕ್ರಮವಲ್ಲ. ಯಾವ ಜಾತಿ, ಯಾವ ಧರ್ಮದವರೂ ಹೋಗಬಹುದು. ಅಲ್ಲಿ ದೇವರ ಮಾತು ಬರುತ್ತದೆ, ಆದರೆ ಅವರವರಿಗೆ ತೋಚಿದ ದೇವರು. ಸಣ್ಣ ಬಾಡಿಗೆ ಕೊಟ್ಟು ಜಾಗ ಪಡೆದಿರುತ್ತಾರೆ, ಅಷ್ಟೇ. ನಮ್ಮಂಥ ಸಂಸ್ಥೆ ಅನುದಾನ ಕೊಡುತ್ತೇವೆಂದರೂ ತೆಗೆದುಕೊಳ್ಳುವುದಿಲ್ಲ. ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು ಎಂಬುದು ಅವರ ಕಟ್ಟುನಿಟ್ಟು.

ಸಂಘದ ಸದಸ್ಯೆಯರಾದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ವಾರಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಮನೆಯ ಡಬ್ಬದಲ್ಲೇ ಹಾಕಿಡಬಹುದಿತ್ತಲ್ಲ, ಸಭೆ ಯಾಕೆ ಬೇಕಿತ್ತು? ಡಬ್ಬದಲ್ಲಿ ಹಾಕಿದ್ದು ನಿಲ್ಲಲಿಲ್ಲ. ಹತ್ತು ಜನರ ಮುಂದೆ ಕೂತಾಗ ನಿಂತಿತು. ಸಭೆ ತಪ್ಪಿಸತೊಡಗಿದ ಸದಸ್ಯೆಯ ಉಳಿತಾಯವೂ ತಪ್ಪುತ್ತದೆ ಎಂಬುದನ್ನು ನಮ್ಮ ಪ್ರತಿನಿಧಿಗಳು ಪುಸ್ತಕ ನೋಡಿಯೇ ಹೇಳಬಲ್ಲರು. ಕುಡಿತ ಬಿಡುವುದೂ ಹಾಗೆಯೇ. ಬಿಡುವುದು ದೊಡ್ಡದಲ್ಲ, ಬಿಟ್ಟದ್ದನ್ನು ಹಿಡಿದುಕೊಳ್ಳುವುದು ದೊಡ್ಡದು. ಊರಿನಲ್ಲಿ ಕೇಳಿ ನೋಡಿ, ಪ್ರತಿಯೊಬ್ಬ ಕುಡುಕನೂ ಹತ್ತಾರು ಸಲ ಬಿಟ್ಟವನೇ.

ಇದು ಬರೀ ನಂಬಿಕೆಯ ಮಾತೂ ಅಲ್ಲ. 2020ರಲ್ಲಿ ಕಾಕ್ರೇನ್ ಎಂಬ ಹೆಸರಾಂತ ವೈದ್ಯಕೀಯ ಪರಿಶೀಲನಾ ತಂಡ, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ 27 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ಆಸ್ಪತ್ರೆ ಅಥವಾ ಸಲಹೆಗಾರರು ಕ್ರಮವಾಗಿ ಎ.ಎ. ದಾರಿಗೆ ಸೇರಿಸಿದವರು ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಬೇರೆ ಚಿಕಿತ್ಸೆಗಳವರಿಗಿಂತ ಮುಂದಿದ್ದರು. ಎಲ್ಲರಿಗೂ ಆಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಒಂದು ರೂಪಾಯಿ ಫೀಸಿಲ್ಲದ ದಾರಿ ಇಷ್ಟು ಮಾಡುತ್ತದೆಂದರೆ ಪ್ರಯತ್ನಿಸದೆ ಬಿಡಬಾರದು.

ಮೊದಲು ಡಾಕ್ಟರು, ಆಮೇಲೆ ಸಭೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಎಂ.ಎಸ್.ಡಬ್ಲ್ಯು. ಮುಗಿಸಿ ಹಳ್ಳಿ ಕೆಲಸಕ್ಕೆ ಬಂದ ಹೊಸದು. ದಿನಾ ಬೆಳಿಗ್ಗೆಯೇ ಕುಡಿಯುತ್ತಿದ್ದ ಒಬ್ಬರನ್ನು ಕೂರಿಸಿಕೊಂಡು, ಹೆಂಡತಿ ಮಕ್ಕಳ ಮುಂದೆ ಆಣೆ ಮಾಡಿಸಿದೆ. "ಇವತ್ತಿಂದ ಒಂದು ತೊಟ್ಟೂ ಇಲ್ಲ" ಎಂದರು. ನಾನು ಗೆದ್ದವಳಂತೆ ಮನೆಗೆ ಬಂದೆ. ಎರಡನೇ ದಿನ ಅವರಿಗೆ ಫಿಟ್ಸ್ ಬಂತು. ಮೂರನೇ ದಿನ ಗೋಡೆಯ ಮೇಲೆ ಹಾವು ಹರಿಯುತ್ತಿದೆ ಎಂದು ಕಿರುಚತೊಡಗಿದರು. ಮನೆಯವರು ದೆವ್ವ ಮೆಟ್ಟಿದೆ ಎಂದುಕೊಂಡರು. ಆಸ್ಪತ್ರೆ ಸೇರಿಸುವಷ್ಟರಲ್ಲಿ ಜೀವ ಹೋಗಿಬರುವಂತಾಯಿತು. ಉಳಿದರು, ದೇವರ ದಯೆ. ಪುಸ್ತಕದಲ್ಲಿ ಓದಿದ್ದೆ, ಆದರೆ ಕಣ್ಣೆದುರು ಬಂದಾಗ ನೆನಪಾಗಲಿಲ್ಲ.

ಬಹಳ ವರ್ಷ ದಿನವೂ ಕುಡಿದ ದೇಹ ಅದಕ್ಕೆ ಒಗ್ಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಕಲಸಿ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಇದು ದೆವ್ವವಲ್ಲ, ನಾಟಕವೂ ಅಲ್ಲ. ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ, 108ಕ್ಕೆ ಫೋನು ಮಾಡಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಮನೆಯಲ್ಲೇ ನಿಲ್ಲಿಸಲು ಹೋಗಬಾರದು. ಕೆಲವು ದಿನದ ಔಷಧಿಯಿಂದ ಈ ಘಟ್ಟ ದಾಟಿಸಬಹುದು. ದಾಟಿದ ಮೇಲೆ ಉಳಿಯುವ ದೀರ್ಘ ದಾರಿಗೆ ಸಭೆ ಬೇಕು.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಉಳಿದ 37 ಮನೆಗಳಲ್ಲಿ ನಡೆಯುತ್ತಿರುವುದು ಆಣೆ, ಹರಕೆ, ಜಗಳ ಮತ್ತು ಸಾಲ.

ಹುಡುಕುವುದು ಹೇಗೆ?

ಎ.ಎ. ಬೋರ್ಡು ಹಾಕಿಕೊಂಡು ಕೂರುವ ಸಂಸ್ಥೆಯಲ್ಲ, ಅದಕ್ಕೇ ಹುಡುಕುವುದು ಸ್ವಲ್ಪ ಕಷ್ಟ. ಎಲ್ಲಕ್ಕಿಂತ ಸುಲಭದ್ದು 14446ಕ್ಕೆ ಫೋನು ಮಾಡುವುದು. ಇದು ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಹೆಂಡತಿಯೂ ಮಾಡಬಹುದು, ಮಗಳೂ ಮಾಡಬಹುದು. ಹತ್ತಿರದ ವ್ಯಸನಮುಕ್ತಿ ಕೇಂದ್ರ ಯಾವುದು ಎಂದು ಕೇಳಿ. ಆ ಕೇಂದ್ರಗಳಿಗೆ ಎ.ಎ. ಸದಸ್ಯರ ಪರಿಚಯ ಸಾಮಾನ್ಯವಾಗಿ ಇರುತ್ತದೆ. ನಿಮಗೇ ಮನಸ್ಸು ಕುಗ್ಗಿ, ನಿದ್ದೆ ಬಾರದೆ, ಬದುಕು ಬೇಡವೆನಿಸಿದ್ದರೆ 14416, ಅದು ಟೆಲಿ ಮಾನಸ್. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಎರಡನೆಯದು ಸರ್ಕಾರಿ ಆಸ್ಪತ್ರೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗೂ ಗೊತ್ತಾದ ದಿನ ಬರುತ್ತಾರೆ, ಬಹಳ ಕಡೆ ಮಂಗಳವಾರ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. "ಮನೋವೈದ್ಯರ ಹತ್ರ ಹೋಗೋಕೆ ಅವ್ರೇನು ಹುಚ್ಚರಾ?" ಎಂದು ಅತ್ತೆ ಕೇಳಬಹುದು. ಹುಚ್ಚಿಗಲ್ಲ ಅತ್ತೆ, ನಿದ್ದೆಗೆ, ಕೈನಡುಕಕ್ಕೆ ಅನ್ನಿ. ಸುಳ್ಳಲ್ಲ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ, ಆದರೆ ಮೊದಲಿಗೇ ಅಷ್ಟು ದೂರ ಓಡುವ ಅಗತ್ಯ ಎಲ್ಲರಿಗೂ ಇರುವುದಿಲ್ಲ.

ಧರ್ಮಸ್ಥಳ ಯೋಜನೆಯ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ಮಾಡುವುದು ನಿಮಗೆ ಗೊತ್ತಿರಬಹುದು. ಶಿಬಿರ ಮುಗಿಸಿದವರಿಗಾಗಿ ಅವರ ನವಜೀವನ ಸಮಿತಿಗಳಿವೆ. ಎ.ಎ. ಇಲ್ಲದ ಹಳ್ಳಿಗಳಲ್ಲೂ ಇವು ಸಿಗುತ್ತವೆ. ಎಷ್ಟೋ ಮನೆಯವರು ಶಿಬಿರಕ್ಕೆ ಕಳಿಸಿ, "ಸರಿಹೋದ್ರು" ಎಂದು ಸಿಹಿ ಹಂಚಿ, ಸಮಿತಿಯ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಕಂಡಂತೆ ಮತ್ತೆ ಬಿದ್ದವರಲ್ಲಿ ಹೆಚ್ಚಿನವರು ಇಂಥವರೇ.

2020ರ ಕೊರೊನಾ ಕಾಲದಿಂದ ಫೋನಿನಲ್ಲೇ ಸೇರುವ ಎ.ಎ. ಸಭೆಗಳೂ ಹೆಚ್ಚಿವೆ. ದೂರದ ತೋಟದ ಮನೆಯವರಿಗೆ ಇದು ಉಪಕಾರ. ಆದರೂ ಸಾಧ್ಯವಿದ್ದರೆ ತಿಂಗಳಿಗೊಮ್ಮೆಯಾದರೂ ಮುಖತಃ ಹೋಗಿ ಕೂರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಫೋನಿನಲ್ಲಿ ಮುಖ ಮುಚ್ಚಿಕೊಳ್ಳಬಹುದು, ಬಾಯಿ ವಾಸನೆ ಬರುವುದಿಲ್ಲ.

ಒಂದು ಎಚ್ಚರಿಕೆ. ಯಾರೋ ಕೊಟ್ಟ ಹಳೆಯ ವಿಳಾಸ ನಂಬಿ ಬಸ್ಸು ಹತ್ತಬೇಡಿ. ಸಭೆಯ ಜಾಗ, ವಾರ ಬದಲಾಗುತ್ತಿರುತ್ತದೆ. ಅಪರೂಪಕ್ಕೆ ಹೊರಟ ಮನುಷ್ಯ ಹೋಗಿ ಬೀಗ ನೋಡಿ ವಾಪಸ್ ಬಂದರೆ, ಬರುವ ದಾರಿಯಲ್ಲಿ ವೈನ್ ಶಾಪು ತೆರೆದೇ ಇರುತ್ತದೆ. ಹಿಂದಿನ ದಿನವೇ ಆ ಗುಂಪಿನ ಯಾರಿಗಾದರೂ ಫೋನು ಮಾಡಿ. ಸಾಧ್ಯವಾದರೆ ಅವರಿಂದಲೇ ನಿಮ್ಮ ಯಜಮಾನರಿಗೆ ಒಂದು ಮಾತು ಆಡಿಸಿ. ಬಸ್‌ಸ್ಟಾಂಡಿಗೆ ಬಂದು ಕರೆದುಕೊಂಡು ಹೋಗುವ ಸದಸ್ಯರೂ ಇದ್ದಾರೆ. ಹಾಗೆ ಕರೆತರುವುದೂ ಅವರು ಕುಡಿಯದೆ ಉಳಿಯುವ ದಾರಿಯ ಒಂದು ಭಾಗ.

ಮೊದಲ ದಿನ

ಸಭೆ ಸುಮಾರು ಒಂದು ಒಂದೂವರೆ ಗಂಟೆ. ಹತ್ತಿಪ್ಪತ್ತು ಜನ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಕೆಲವು ಕಡೆ ನಾಲ್ಕೇ ಜನ. ಟೀ ಇರಬಹುದು. ಯಾರೋ ಒಂದು ಪುಟ ಓದುತ್ತಾರೆ. ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಎಂದು ಶುರುಮಾಡಿ ತಮ್ಮ ಕಥೆ ಹೇಳುತ್ತಾರೆ. ಹೆಂಡತಿಯ ತಾಳಿ ಅಡ ಇಟ್ಟದ್ದು, ಮಗಳ ಶಾಲೆಯ ಗೇಟಿನ ಹತ್ತಿರ ಬಿದ್ದದ್ದು, ಎಲ್ಲವನ್ನೂ. ಮಧ್ಯೆ ಬಾಯಿ ಹಾಕುವವರಿಲ್ಲ, ಬೈಯುವವರಿಲ್ಲ. ಊರು, ಜಾತಿ, ಕೆಲಸ ಕೇಳುವುದಿಲ್ಲ. ಹಾಜರಿ ಪುಸ್ತಕವಿಲ್ಲ. ಕೊನೆಗೆ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ, ಇಷ್ಟವಿದ್ದವರು ಹತ್ತು ರೂಪಾಯಿ ಹಾಕಬಹುದು. ಹೊಸಬರು ಹಾಕದಿದ್ದರೂ ಪರವಾಗಿಲ್ಲ, ಮಾತಾಡದೆ ಬರೀ ಕೇಳಿಸಿಕೊಂಡು ಬಂದರೂ ಪರವಾಗಿಲ್ಲ. ಸೇರಲು ಬೇಕಾದ್ದು ಒಂದೇ, ಕುಡಿತ ನಿಲ್ಲಿಸಬೇಕೆಂಬ ಆಸೆ. ಜನ್ಮಪೂರ್ತಿ ಕುಡಿಯುವುದಿಲ್ಲ ಎಂದು ಅಲ್ಲಿ ಆಣೆ ಹಾಕಿಸುವುದಿಲ್ಲ. ಇವತ್ತು ಒಂದು ದಿನ ಕುಡಿಯದಿರು, ನಾಳೆಯದನ್ನು ನಾಳೆ ನೋಡೋಣ ಅಂತಾರೆ. ನಾನು ಮಾಡಿಸಿದ ಆಣೆಗಿಂತ ಇದೇ ಜಾಣತನ.

ಕೆಲವು ಸಭೆಗಳಿಗೆ ವ್ಯಸನಿಗಳಿಗೆ ಮಾತ್ರ ಪ್ರವೇಶ. ಕೆಲವು ತೆರೆದ ಸಭೆಗಳು, ಅಲ್ಲಿ ಮನೆಯವರೂ ಕೂರಬಹುದು. ಫೋನಿನಲ್ಲೇ ಕೇಳಿಕೊಳ್ಳಿ. ಮೊದಲ ಸಲ ಹೋಗಿ ಬಂದವರು "ಅಲ್ಲಿರೋರೆಲ್ಲ ನನಗಿಂತ ದೊಡ್ಡ ಕುಡುಕ್ರು, ನಾನು ಅಷ್ಟು ಕೆಟ್ಟಿಲ್ಲ" ಅನ್ನುತ್ತಾರೆ. ಬಹುಮಟ್ಟಿಗೆ ಎಲ್ಲರೂ ಅನ್ನುತ್ತಾರೆ. ಜಗಳಕ್ಕೆ ಹೋಗಬೇಡಿ. ಮುಂದಿನ ವಾರ ಮತ್ತೆ ಹೋಗಲಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಲಿ. "ಏನ್ ಹೇಳಿದ್ರು? ಯಾರ್ಯಾರು ಬಂದಿದ್ರು?" ಎಂದು ಬಾಗಿಲಲ್ಲೇ ಹಿಡಿದು ಕೇಳಬೇಡಿ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ಅಲ್ಲಿನ ನಿಯಮ.

ಹೆಣ್ಣುಮಕ್ಕಳೂ ಕುಡಿಯುತ್ತಾರೆ. ನಮ್ಮ ಸಂಘಗಳಲ್ಲೂ ಇದ್ದಾರೆ, ಎಲ್ಲಿ ಎಂದು ನಾನು ಹೇಳುವುದಿಲ್ಲ. ಗಂಡಸು ಬೀದಿಯಲ್ಲಿ ಬೀಳುತ್ತಾನೆ, ಇವರು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಬೀಳುತ್ತಾರೆ. ಎ.ಎ. ಅವರದ್ದೂ ಹೌದು. ಗಂಡಸರ ನಡುವೆ ಕೂರಲು ಸಂಕೋಚವಾದರೆ ಹೆಂಗಸರೇ ಸೇರುವ ಫೋನು ಸಭೆ ಇದೆಯೇ ಎಂದು ವಿಚಾರಿಸಿ.

ಅವರು ಬರದಿದ್ದರೆ?

"ಸಿಸ್ಟರ್, ಇದೆಲ್ಲ ಸರಿ. ಅವ್ರು ಬರಲ್ಲ ಅಂತಾರಲ್ಲ?" ಎಂದು ನೀವು ಕೇಳುತ್ತೀರಿ. ಹಾಗಾದರೆ ನೀವು ಹೋಗಿ.

ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಸಭೆ ಇದೆ. ಬಿಲ್ ವಿಲ್ಸನ್‌ರ ಹೆಂಡತಿ ಲೂಯಿಸ್ ಮತ್ತು ಅವರ ಗೆಳತಿ ಆನ್ ಸೇರಿ 1951ರಲ್ಲಿ ಕಟ್ಟಿದ್ದು. ಲೂಯಿಸ್ ಅಂಗಡಿಯಲ್ಲಿ ದುಡಿದು ಗಂಡನನ್ನು ವರ್ಷಗಟ್ಟಲೆ ಸಾಕಿದವರು. ಅಷ್ಟು ವರ್ಷ ತಾನು ಅತ್ತು ಕರೆದು ಮಾಡಲಾಗದ್ದನ್ನು ಯಾರೋ ಹೊರಗಿನವರು ಮಾಡಿದರು. ಗಂಡ ಕುಡಿತ ಬಿಟ್ಟ. ಸಂತೋಷಪಡಬೇಕಾದ ಹೆಂಗಸಿಗೆ ಒಂದು ದಿನ ಎಲ್ಲಿಲ್ಲದ ಸಿಟ್ಟು ಬಂದು, ನಿನ್ನ ಸಭೆಗಳಿಗೆ ಬೆಂಕಿ ಬೀಳಲಿ ಎಂಬಂತೆ ಕಾಲಿನ ಶೂ ತೆಗೆದು ಅವನ ಕಡೆ ಎಸೆದರಂತೆ. ಆಗ ತನಗೂ ಪೆಟ್ಟಾಗಿದೆ ಎಂದು ಅವರಿಗೆ ಹೊಳೆಯಿತು. ಗಂಡಂದಿರು ಒಳಗೆ ಸಭೆ ನಡೆಸುವಾಗ ಹೊರಗೆ ಕಾಯುತ್ತಿದ್ದ ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳತೊಡಗಿದ್ದು ಅಲ್-ಅನಾನ್ ಆಯಿತು.

ಅಲ್ಲಿ ಮೊದಲು ಕಲಿಯುವುದು ಇದನ್ನು: ಅವರ ಕುಡಿತ ನಿಮ್ಮಿಂದ ಬಂದದ್ದಲ್ಲ, ಅದು ನಿಮ್ಮ ಹಿಡಿತದಲ್ಲೂ ಇಲ್ಲ, ನೀವು ಅದನ್ನು ವಾಸಿ ಮಾಡಲೂ ಆಗುವುದಿಲ್ಲ. ಕಲಿಯಲು ಬಹಳ ದಿನ ಬೇಕು. ಬಾಟಲಿ ಬಚ್ಚಿಡುವುದು, ಜೇಬು ತಡಕುವುದು, ಮೇಸ್ತ್ರಿಗೆ ಫೋನು ಮಾಡಿ ಅವರಿಗೆ ಜ್ವರ ಎಂದು ಸುಳ್ಳು ಹೇಳುವುದು, ಅಂಗಡಿಯ ಕುಡಿತದ ಬಾಕಿಯನ್ನು ಸಂಘದ ಸಾಲದಿಂದ ತೀರಿಸುವುದು, ಇವನ್ನೆಲ್ಲ ನಾವು ಪ್ರೀತಿಯಿಂದಲೇ ಮಾಡುತ್ತೇವೆ. ಇವುಗಳಿಂದ ಕುಡಿತದ ಪೆಟ್ಟು ಅವರಿಗೆ ತಟ್ಟದೆ ನಮಗೇ ತಟ್ಟುತ್ತದೆ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಅಲ್-ಅನಾನ್ ಗುಂಪುಗಳಿವೆ. ಎ.ಎ. ಸದಸ್ಯರನ್ನು ಕೇಳಿದರೆ ತಿಳಿಸುತ್ತಾರೆ. ಹತ್ತಿರ ಇಲ್ಲದಿದ್ದರೆ ಫೋನಿನ ಸಭೆ.

ನನಗೆ ಗೊತ್ತಿರುವ ಒಬ್ಬ ತಂಗಿ ಎರಡು ವರ್ಷ ಒಬ್ಬಳೇ ಹೋದಳು. ಅವಳ ಗಂಡ ಇನ್ನೂ ಕುಡಿಯುತ್ತಾನೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಈಗ ಅವಳ ಕೂಲಿ ಅವಳ ಖಾತೆಯಲ್ಲಿದೆ, ರಾತ್ರಿ ಹತ್ತಕ್ಕೆ ಬಾಗಿಲ ಹತ್ತಿರ ಕಾಯುವುದನ್ನು ಬಿಟ್ಟು ಮಗನ ಪಕ್ಕ ಕೂತು ಓದಿಸುತ್ತಾಳೆ. "ಸಿಸ್ಟರ್, ನಾನು ನಿದ್ದೆ ಮಾಡ್ತೀನಿ ಈಗ" ಅಂದಳು.

ಹೊಡೆತ ಇರುವ ಮನೆಯ ಮಾತು ಬೇರೆ. ಸಭೆಗೆ ಹೋಗುತ್ತಾರಲ್ಲ, ಸರಿಹೋಗಬಹುದು ಎಂದು ಏಟು ತಿನ್ನುತ್ತ ಕಾಯಬೇಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯ ತಡೆಯಲು 2005ರ ಕಾನೂನಿದೆ. ಕುಡಿದಿದ್ದ ಎಂಬುದು ಹೊಡೆದವನಿಗೆ ಮಾಫಿಯಲ್ಲ.

ಸಂಘ ಏನು ಮಾಡಬಹುದು?

ಕಂತು ಕಟ್ಟದ ಸದಸ್ಯೆಗೆ ದಂಡ ಹಾಕುವಾಗ ಒಂದು ಕ್ಷಣ ನಿಂತು ವಿಚಾರಿಸಿ. ಕಂತಿನ ದುಡ್ಡನ್ನು ಗಂಡ ಕಿತ್ತುಕೊಂಡು ಹೋದ ಮನೆಗೆ ದಂಡವನ್ನೂ ಸೇರಿಸಿದರೆ ಅವಳು ಮುಂದಿನ ವಾರ ಸಭೆಗೇ ಬರುವುದಿಲ್ಲ. ನಿಯಮ ಮುರಿಯಿರಿ ಎನ್ನುತ್ತಿಲ್ಲ, ಅವಧಿ ಕೊಡಿ. ಯಾರ ಗಂಡ ಎಲ್ಲಿ ಬಿದ್ದಿದ್ದ ಎಂಬುದು ಸಂಘದ ಸಭೆಯ ವಿಷಯವಾಗದಿರಲಿ. ಯಾರಾದರೂ ಎ.ಎ.ಗೆ ಹೋಗುತ್ತಿದ್ದಾರೆ ಎಂದು ತಿಳಿದರೆ ಅದನ್ನೂ ಊರಿಗೆ ಹೇಳಬೇಡಿ, ಮೆಚ್ಚುಗೆಗೂ ಬೇಡ. ಮಧ್ಯೆ ಒಮ್ಮೆ ಬಿದ್ದರೆ "ನಾನು ಹೇಳಿರ್ಲಿಲ್ವಾ" ಎನ್ನಬೇಡಿ. ಬೀಳುವುದು ಈ ಕಾಯಿಲೆಯಲ್ಲಿ ಇದ್ದದ್ದೇ. ಬಿದ್ದವರಿಗೂ ಸಭೆಯ ಬಾಗಿಲು ತೆರೆದಿರುತ್ತದೆ, ಮರುವಾರ ಮತ್ತೆ ಹೋಗಬೇಕು.

ಸಭೆ ಹೆಚ್ಚಾಗಿ ಸಂಜೆ, ಹಳ್ಳಿಗೆ ಕೊನೆಯ ಬಸ್ಸು ಬೇಗ. ಇದೇ ದೊಡ್ಡ ಅಡ್ಡಿ. ಭಾನುವಾರ ಬೆಳಗಿನ ಸಭೆ ಎಲ್ಲಿದೆ ಎಂದು ಮೊದಲು ಹುಡುಕಿ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತ, ಹಾಗಾಗಿ ಖರ್ಚು ಅವರೊಬ್ಬರದೇ. ನಮ್ಮ ಒಂದು ಸಂಘದವರು ಇದಕ್ಕೆಂದು ತಿಂಗಳಿಗೆ ಇನ್ನೂರು ರೂಪಾಯಿ ಬೇರೆ ತೆಗೆದಿಟ್ಟಿದ್ದಾರೆ. ಯಾರು ತೆಗೆದುಕೊಂಡರು ಎಂದು ಪ್ರತಿನಿಧಿಗಳಿಬ್ಬರಿಗೆ ಮಾತ್ರ ಗೊತ್ತು. ಪುಸ್ತಕದಲ್ಲಿ 'ಪ್ರಯಾಣ' ಎಂದಷ್ಟೇ ಬರೆಯುತ್ತಾರೆ, ಹೆಸರು ಬರೆಯುವುದಿಲ್ಲ.